18 ವಾರದ ಬಸಿರು, ದವಡೆ ಹಲ್ಲಿನ ನೋವು: "ಹೆರಿಗೆಯಾದ ಮೇಲೆ ಬನ್ನಿ" ಎನ್ನುವುದು ಸರಿಯೇ?

ಎಳೆಬಿಸಿಲು:
ನನಗೀಗ 18 ವಾರ. ಮೂರನೇ ತಿಂಗಳಿನಿಂದಲೇ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತಿತ್ತು. ಉಗಿದ ನೊರೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ನಲ್ಲಿ ಬಿಟ್ಟು ತೊಳೆದು ಸುಮ್ಮನಾಗುತ್ತಿದ್ದೆ. ವಾಂತಿ, ಸುಸ್ತು, ಬೆನ್ನುನೋವಿನ ನಡುವೆ ಅದೊಂದು ದೊಡ್ಡ ವಿಷಯ ಎನಿಸಲೇ ಇಲ್ಲ.

ಈಗ ಹತ್ತು ದಿನಗಳಿಂದ ಕೆಳಗಿನ ಬಲಗಡೆಯ ದವಡೆ ಹಲ್ಲು ನೋಯುತ್ತಿದೆ. ಹಗಲು ಹೇಗೋ ಕಳೆದುಹೋಗುತ್ತದೆ. ತಲೆ ದಿಂಬಿಗೆ ತಾಗಿದ ಕೂಡಲೇ ನೋವು ಕಿವಿಯವರೆಗೆ ಸಿಡಿಯುತ್ತದೆ. ತಣ್ಣೀರನ್ನು ಬಾಯಲ್ಲಿ ಹಿಡಿದುಕೊಂಡರೆ ಮಾತ್ರ ಅರ್ಧ ನಿಮಿಷ ನೆಮ್ಮದಿ. ನಿನ್ನೆ ರಾತ್ರಿ ಎರಡು ಗಂಟೆಯಿಂದ ಬೆಳಗಿನವರೆಗೆ ಲೋಟ ಹಿಡಿದು ಕುಳಿತಿದ್ದೆ.

ಹತ್ತಿರದ ದಂತ ಚಿಕಿತ್ಸಾಲಯಕ್ಕೆ ಹೋದರೆ, ವೈದ್ಯರನ್ನು ನೋಡುವ ಮೊದಲೇ ಮೇಜಿನ ಹಿಂದಿದ್ದವರು ನನ್ನ ಹೊಟ್ಟೆಯ ಕಡೆ ನೋಡಿ, "ಹೆರಿಗೆಯಾದ ಮೇಲೆ ಬನ್ನಿ" ಎಂದು ಕಳುಹಿಸಿಬಿಟ್ಟರು. ಅತ್ತೆಯವರೂ ಅದನ್ನೇ ಹೇಳುತ್ತಾರೆ: ಬಸಿರಿನಲ್ಲಿ ಹಲ್ಲಿಗೆ ಕೈ ಹಾಕಿಸಬಾರದು. ಪ್ರಸೂತಿ ವೈದ್ಯೆ ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಕಾಲು ಊದಿದೆಯೇ ಎಂದು ಒತ್ತಿ ನೋಡುತ್ತಾರೆ. ಬಾಯಿ ತೆರೆಯಿರಿ ಎಂದು ಇಂದಿನವರೆಗೆ ಹೇಳಿಲ್ಲ.

ಇನ್ನೂ 22 ವಾರ ಹೀಗೆ ಕಾಯಬೇಕೇ? ತಿಳಿದವರು ಹೇಳಿ, ದಯವಿಟ್ಟು.

ಒಂದೇಸಾಲು:
ಕಾಯಬೇಡಿ. ಬೇರೆ ದಂತವೈದ್ಯರ ಬಳಿ ಹೋಗಿ, ನಾಳೆಯೇ.

ಹಿರಿಯಕ್ಕ:
ತಂಗಿ, ನಿನ್ನ ಅತ್ತೆ ಹೇಳುವುದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡ. ನನ್ನ ಮೂರು ಬಸಿರುಗಳಲ್ಲೂ ಹಲ್ಲು ನೋಯುತ್ತಿತ್ತು, ಮೂರು ಸಲವೂ ತಡೆದುಕೊಂಡೆ. ಹೆತ್ತ ಮೇಲೆ ಹಲ್ಲು ತೆಗೆಸಿದೆ. ಮಗು ಬೆಳೆಯಲು ತಾಯಿಯ ಹಲ್ಲಿನ ಸುಣ್ಣವನ್ನೇ ಎಳೆದುಕೊಳ್ಳುತ್ತದೆ, ಅದಕ್ಕೇ ಮಗುವಿಗೊಂದು ಹಲ್ಲು ಹೋಗುತ್ತದೆ ಎನ್ನುವುದು. ಅದು ಪ್ರಕೃತಿ. ಏನು ಮಾಡಲಾದೀತು?

ಹಲ್ಲುವೈದ್ಯೆ:
ಎಳೆಬಿಸಿಲು ಅವರೇ, ಹದಿನಾರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದರಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು: ತಣ್ಣೀರು ಹಿಡಿದರೆ ನೋವು ತಗ್ಗುತ್ತದೆ, ಮಲಗಿದರೆ ಸಿಡಿಯುತ್ತದೆ. ಹಲ್ಲಿನೊಳಗಿನ ನರದ ಕೋಣೆಯಲ್ಲಿ ಉರಿಯೂತ ಬಹಳ ಮುಂದುವರಿದಾಗ ಸಾಮಾನ್ಯವಾಗಿ ಕಾಣುವ ಲಕ್ಷಣ ಇದು. ಬಾಯಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಅದು ಅದೇ ಆಗಿದ್ದರೆ ತಾನಾಗಿ ವಾಸಿಯಾಗುವುದಿಲ್ಲ, ಮಾತ್ರೆಗೂ ಬಗ್ಗುವುದಿಲ್ಲ. ಕೆಲವೊಮ್ಮೆ ನರ ಸತ್ತು ನೋವು ಹಠಾತ್ತನೆ ನಿಂತುಹೋಗುತ್ತದೆ. ವಾಸಿಯಾಯಿತು ಎಂದು ಜನ ನಿಟ್ಟುಸಿರು ಬಿಡುತ್ತಾರೆ. ಕೆಲವು ವಾರಗಳ ನಂತರ ಬೇರಿನ ತುದಿಯಲ್ಲಿ ಕೀವು ಕಟ್ಟಿ, ಕೆನ್ನೆ ಊದಿಸಿಕೊಂಡು ಬರುತ್ತಾರೆ. ಆ ಹೊತ್ತಿಗೆ ನೀವು ಎಂಟನೇ ತಿಂಗಳಲ್ಲಿರುತ್ತೀರಿ.

18 ವಾರ ಎಂದರೆ ಚಿಕಿತ್ಸೆಗೆ ಅತ್ಯಂತ ಅನುಕೂಲದ ಕಾಲ. ವಾಕರಿಕೆ ಇಳಿದಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘ ಎಸಿಒಜಿ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ: ತಪಾಸಣೆ, ಎಕ್ಸ್-ರೇ, ಮರಗಟ್ಟಿಸುವ ಚುಚ್ಚುಮದ್ದು, ತುಂಬಿಸುವುದು, ರೂಟ್ ಕೆನಾಲ್, ಹಲ್ಲು ಕೀಳುವುದು ಇವೆಲ್ಲವೂ ಬಸಿರಿನಲ್ಲಿ ಸುರಕ್ಷಿತ, ತುರ್ತಿನದನ್ನು ಮುಂದೂಡಬಾರದು.

ನಿಮ್ಮನ್ನು ಬಾಗಿಲಲ್ಲೇ ವಾಪಸು ಕಳುಹಿಸಿದ್ದು ತಪ್ಪು. ನನ್ನ ಸಹೋದ್ಯೋಗಿಗಳಲ್ಲೂ ಈ ಭಯ ಇದೆ. ನಾಳೆ ಬಸಿರಿಗೆ ಏನಾದರೂ ಆದರೆ, ಸಂಬಂಧ ಇರಲಿ ಇಲ್ಲದಿರಲಿ, ತಮ್ಮ ತಲೆಯ ಮೇಲೆ ಬರುತ್ತದೆ ಎಂದು ಹೆದರುತ್ತಾರೆ. ಆ ಭಯದ ಬೆಲೆಯನ್ನು ರಾತ್ರಿ ಎರಡು ಗಂಟೆಗೆ ಲೋಟ ಹಿಡಿದು ಕೂರುವವರು ತೆರುತ್ತಾರೆ.

ಎಳೆಬಿಸಿಲು:
ಓದುತ್ತಾ ಕಣ್ಣು ತುಂಬಿಬಂತು. ಹಾಗಾದರೆ ವಸಡಿನ ರಕ್ತಕ್ಕೂ ಈ ಹಲ್ಲಿಗೂ ಸಂಬಂಧ ಇದೆಯೇ?

ಹಲ್ಲುವೈದ್ಯೆ:
ಎರಡೂ ಬೇರೆ ಬೇರೆ. ಹಲ್ಲಿನದು ಹುಳುಕು. ವಸಡಿನದು ಬಸಿರಿನ ವಸಡು ಉರಿಯೂತ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಗರ್ಭಿಣಿಯರಲ್ಲಿ ಶೇಕಡಾ 60ರಿಂದ 75 ಮಂದಿಗೆ ಇದು ಇರುತ್ತದೆ. ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್ ಏರಿದಾಗ ವಸಡಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆ ಸೋರತೊಡಗುತ್ತದೆ. ಹಿಂದೆ ವಸಡು ಸಹಿಸಿಕೊಂಡಿದ್ದಷ್ಟೇ ಪಾಚಿಗೆ, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರಕ್ಕೆ, ಈಗ ಊದಿಕೊಂಡು ಕೆಂಪೇರುತ್ತದೆ. ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ ಶುರುವಾಗಿ ಎಂಟನೇ ತಿಂಗಳ ಹೊತ್ತಿಗೆ ಜಾಸ್ತಿಯಾಗಿ, ಹೆರಿಗೆಯ ನಂತರ ಇಳಿಯುತ್ತದೆ.

ಗಮನಿಸಿ, ಹಾರ್ಮೋನು ರೋಗವನ್ನು ತರುವುದಿಲ್ಲ. ಹಲ್ಲಿನ ಬುಡದಲ್ಲಿ ಕೂತಿರುವ ಕೊಳೆಗೆ ವಸಡು ಕೆರಳುವುದನ್ನು ಹೆಚ್ಚಿಸುತ್ತದೆ, ಅಷ್ಟೆ. ರಕ್ತ ಬರುತ್ತದೆ ಎಂದು ಆ ಜಾಗವನ್ನು ಉಜ್ಜದೆ ಬಿಡುತ್ತಾರಲ್ಲ, ಅಲ್ಲೇ ಎಡವುವುದು. ಬಿಟ್ಟಷ್ಟೂ ಪಾಚಿ, ಪಾಚಿ ಇದ್ದಷ್ಟೂ ರಕ್ತ. ಮೆತ್ತನೆಯ ಬ್ರಷ್ಷಿನಿಂದ ವಸಡಿನ ಅಂಚಿಗೇ ತಾಗಿಸಿ ಉಜ್ಜಿ. ಒಮ್ಮೆ ಸ್ವಚ್ಛ ಮಾಡಿಸಿಕೊಂಡು, ದಿನಾ ಎರಡು ಹೊತ್ತು ಹೀಗೆ ಉಜ್ಜಿದರೆ ರಕ್ತ ತಾನೇ ಕಡಿಮೆಯಾಗುತ್ತದೆ.

ಜೋಡಿಮಕ್ಕಳಮ್ಮ:
ನನ್ನದೊಂದು ಅನುಭವ, ಯಾರಾದರೂ ಹೆದರಿದ್ದರೆ ಸಮಾಧಾನವಾಗಲಿ ಎಂದು ಬರೆಯುತ್ತಿದ್ದೇನೆ. ಆರನೇ ತಿಂಗಳಲ್ಲಿ ಮೇಲಿನ ಎರಡು ಮುಂಬಲ್ಲುಗಳ ಸಂದಿನಿಂದ ಒಂದು ಗಂಟು ಎದ್ದಿತು. ಮೊದಲು ಗುಂಡುಸೂಜಿಯ ತಲೆಯಷ್ಟು, ಮೂರು ವಾರದಲ್ಲಿ ಕೆಂಪು ಮಣಿಯಷ್ಟು ದಪ್ಪ. ಮುಟ್ಟಿದರೆ ಸಾಕು, ರಕ್ತ ಚಿಮ್ಮುತ್ತಿತ್ತು. ನಗುವಾಗ ತುಟಿಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಿಹೋಯಿತು. ಯಾರೋ ಅದಕ್ಕೆ ಬಸಿರಿನ ಗೆಡ್ಡೆ ಎಂಬ ಹೆಸರಿದೆ ಎಂದರು. ಗೆಡ್ಡೆ ಎಂಬ ಒಂದು ಮಾತಿಗೆ ನಾನು ಮೂರು ರಾತ್ರಿ ನಿದ್ದೆ ಬಿಟ್ಟೆ. ಗಂಡನಿಗೂ ಹೇಳಲಿಲ್ಲ. ಅವಳಿಗಳು ಹೊಟ್ಟೆಯಲ್ಲಿ, ಕ್ಯಾನ್ಸರ್ ಬಾಯಲ್ಲಿ ಎಂದೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ.

ಕೊನೆಗೆ ದಂತವೈದ್ಯರು ನೋಡಿ, ಇದು ಕ್ಯಾನ್ಸರ್ ಅಲ್ಲ, ವಸಡು ಅತಿಯಾಗಿ ಬೆಳೆದದ್ದು ಎಂದರು. ಸುತ್ತಲಿನ ಪಾಚಿ ತೆಗೆದರು. ಹೆರಿಗೆಯಾಗಿ ಎರಡು ತಿಂಗಳೊಳಗೆ ಬಾಡಿ ಹೋಯಿತು. ಈಗ ಅಲ್ಲಿ ಗುರುತೂ ಇಲ್ಲ.

ಹಲ್ಲುವೈದ್ಯೆ:
ಅದರ ವೈದ್ಯಕೀಯ ಹೆಸರು ಪಯೋಜೆನಿಕ್ ಗ್ರಾನ್ಯುಲೋಮಾ. ಗೆಡ್ಡೆ ಎಂಬ ಪದವನ್ನೇ ಬಿಟ್ಟುಬಿಡಬೇಕು ಎಂದು ನನಗೂ ಅನಿಸುತ್ತದೆ. ಹೆಚ್ಚೆಂದರೆ ನೂರರಲ್ಲಿ ಐವರಿಗೆ ಕಾಣಿಸಿಕೊಳ್ಳುತ್ತದೆ. ಊಟಕ್ಕೆ ಅಡ್ಡಿಯಾದರೆ ಅಥವಾ ರಕ್ತ ನಿಲ್ಲದಿದ್ದರೆ ಮಾತ್ರ ಬಸಿರಿನಲ್ಲಿ ತೆಗೆಯುತ್ತೇವೆ, ಇಲ್ಲದಿದ್ದರೆ ಕಾಯುತ್ತೇವೆ. ಆದರೆ ಬಾಯಲ್ಲಿ ಏಳುವ ಯಾವ ಗಂಟನ್ನೇ ಆಗಲಿ ವೈದ್ಯರಿಗೆ ತೋರಿಸದೆ ಬಿಡಬಾರದು.

ಪುರಾವೆಎಲ್ಲಿ:
ಹಿರಿಯಕ್ಕನವರ ಸುಣ್ಣದ ಮಾತಿಗೆ ಯಾರೂ ಉತ್ತರಿಸಿಲ್ಲ. ಹಲ್ಲಿನ ದಂತಕವಚದೊಳಗೆ ರಕ್ತನಾಳವೇ ಇಲ್ಲ. ಮಗು ಅದರಿಂದ ಕ್ಯಾಲ್ಸಿಯಂ ಎಳೆದುಕೊಳ್ಳಲು ದಾರಿಯೇ ಇಲ್ಲ. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ಸೇರುವಂಥದ್ದು. ತಾಯಿಯ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರುವುದು ಬಸಿರಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸಾಲದಿದ್ದರೆ ಮೂಳೆಯಿಂದ ಹೋಗುತ್ತದೆ. ಹಲ್ಲಿನಿಂದ ಎಂದೂ ಅಲ್ಲ. ಇದೊಂದು ಹಳೆಯ ಮೂಢನಂಬಿಕೆ.

ಹಿರಿಯಕ್ಕ:
ನೋಡಪ್ಪಾ, ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡ. ಹೋದದ್ದು ನನ್ನ ಹಲ್ಲು. ನನ್ನ ಅಕ್ಕನಿಗೆ ನಾಲ್ಕು ಮಕ್ಕಳು, ಐವತ್ತಕ್ಕೇ ಕಟ್ಟಿಸಿದ ಹಲ್ಲು. ಮಕ್ಕಳಿಲ್ಲದ ನನ್ನ ನಾದಿನಿಯ ಬಾಯಲ್ಲಿ ಇವತ್ತಿಗೂ ಪೂರ್ತಿ ಸಾಲು ಇದೆ. ಇದಕ್ಕೇನು ಹೇಳುತ್ತೀಯಾ?

ಸೂಕ್ಷ್ಮದರ್ಶಕ:
ಇಬ್ಬರ ಮಾತಿನಲ್ಲೂ ಸತ್ಯವಿದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 14 ಯುರೋಪಿಯನ್ ದೇಶಗಳ ಮತ್ತು ಇಸ್ರೇಲಿನ, 50 ದಾಟಿದ ಸುಮಾರು 35,000 ಜನರ ಮಾಹಿತಿಯನ್ನು ಜಾಲಾಡಿತ್ತು. ಮೊದಲ ಎರಡು ಮಕ್ಕಳು ಒಂದೇ ಲಿಂಗದವರಾಗಿ ಮೂರನೆಯದು ಹುಟ್ಟಿದ ಕುಟುಂಬಗಳಲ್ಲಿ, ಎರಡೇ ಮಕ್ಕಳಿದ್ದವರಿಗೆ ಹೋಲಿಸಿದರೆ, ತಾಯಂದಿರ ಬಾಯಲ್ಲಿ ಸರಾಸರಿ ನಾಲ್ಕು ಹಲ್ಲುಗಳು ಕಡಿಮೆ ಇದ್ದವು. ತಂದೆಯರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಅಂದರೆ ಹಿರಿಯಕ್ಕನವರು ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ ಸರಿಯಿಲ್ಲ. ಹಲ್ಲು ಹೋಗುವುದು ಹುಳುಕಿನಿಂದ, ವಸಡಿನ ರೋಗದಿಂದ, ಮತ್ತು ಮಗುವಿನ ಹಿಂದೆ ಓಡುತ್ತಾ ತನ್ನ ಬಾಯಿಯನ್ನು ಮರೆಯುವುದರಿಂದ.

ಹಿರಿಯಕ್ಕ:
ಅದು ಹೌದು. ಮೂರನೆಯವನು ಹುಟ್ಟಿದ ಮೇಲೆ ರಾತ್ರಿ ಹಲ್ಲುಜ್ಜಿದ ನೆನಪೇ ನನಗಿಲ್ಲ. ಉಜ್ಜು ಎಂದು ಹೇಳಿದವರೂ ಯಾರೂ ಇರಲಿಲ್ಲ.

ಅಪ್ಪನಾಗುವವನು:
ನನ್ನ ಹೆಂಡತಿಗೆ 11 ವಾರ, ಹುಳುಕು ಹಲ್ಲಿದೆ. ಎಕ್ಸ್-ರೇ ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಅದನ್ನು ಬಿಟ್ಟು ಚಿಕಿತ್ಸೆ ಮಾಡಲು ಆಗುವುದಿಲ್ಲವೇ?

ಹಲ್ಲುವೈದ್ಯೆ:
ಬೇರಿನ ಸ್ಥಿತಿ ಕಾಣದೆ ರೂಟ್ ಕೆನಾಲ್ ಮಾಡುವುದು ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಒಂದು ಹಲ್ಲಿನ ಚಿತ್ರದಿಂದ ಸಿಗುವ ವಿಕಿರಣ, ನೆಲದಿಂದ, ಗಾಳಿಯಿಂದ, ಆಕಾಶದಿಂದ ನಾವೆಲ್ಲರೂ ಒಂದು ದಿನದಲ್ಲಿ ಪಡೆಯುವಷ್ಟು ಅಥವಾ ಅದಕ್ಕಿಂತ ಕಡಿಮೆ. ಅದೂ ಕಿರಣ ಹಾಯುವುದು ದವಡೆಯ ಮೂಲಕ, ಹೊಟ್ಟೆಯತ್ತ ಅಲ್ಲ. ಭ್ರೂಣಕ್ಕೆ ಹಾನಿಯ ಮಾತು ಬರುವುದು ವಿಕಿರಣದ ಪ್ರಮಾಣ 50 ಮಿಲಿಗ್ರೇ (ಅದನ್ನು ಅಳೆಯುವ ಮಾನ) ದಾಟಿದಾಗ. ಹಲ್ಲಿನ ಎಕ್ಸ್-ರೇಯಿಂದ ಗರ್ಭಕ್ಕೆ ತಲುಪುವುದು ಅದರ ಅತಿ ಸಣ್ಣ ಚೂರು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ ತಜ್ಞರ ಸಮಿತಿ 2024ರಲ್ಲಿ ಸೀಸದ ಹೊದಿಕೆಯೂ ಇನ್ನು ಬೇಡ ಎಂದು ಹೇಳಿತು. ಆದರೂ ನಿಮ್ಮವರಿಗೆ ಅದನ್ನು ಹೊದ್ದರೆ ಧೈರ್ಯ ಬರುತ್ತದೆ ಎಂದಾದರೆ ಕೇಳಿ ಪಡೆಯಿರಿ. ನಾನು ಯಾರಿಗೂ ಇಲ್ಲ ಎಂದಿಲ್ಲ.

11 ವಾರವಾದರೆ, ನೋವು ಊತ ಯಾವುದೂ ಇಲ್ಲದಿದ್ದರೆ, ಎರಡು ಮೂರು ವಾರ ಕಾಯಬಹುದು. ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆಯಿಂದ ಕೇಡಾಗುತ್ತದೆ ಎಂದಲ್ಲ, ವಾಕರಿಕೆಯಲ್ಲಿ ಬಾಯಿ ತೆರೆದು ಮಲಗುವುದೇ ಕಷ್ಟ. ನೋವಿದ್ದರೆ ಯಾವ ವಾರವಾದರೂ ಸರಿ, ಹೋಗಿ.

ಅಪ್ಪನಾಗುವವನು:
ಮರಗಟ್ಟಿಸುವ ಚುಚ್ಚುಮದ್ದು?

ಮಾತ್ರೆಡಬ್ಬಿ:
ಔಷಧ ಅಂಗಡಿಯಲ್ಲಿ ಕೂರುವವನು ನಾನು, ಇದಕ್ಕೆ ಉತ್ತರಿಸುತ್ತೇನೆ. ಸಾಮಾನ್ಯವಾಗಿ ಕೊಡುವುದು ಲಿಡೋಕೇನ್. ಇಸ್ರೇಲಿನ ಸಂಶೋಧಕರು 2015ರಲ್ಲಿ, ಬಸಿರಿನಲ್ಲಿ ದಂತ ಚಿಕಿತ್ಸೆಗೆ ಈ ಬಗೆಯ ಚುಚ್ಚುಮದ್ದು ಪಡೆದ 210 ಮಹಿಳೆಯರನ್ನು, ಪಡೆಯದ 794 ಮಂದಿಯೊಂದಿಗೆ ಹೋಲಿಸಿ ನೋಡಿದರು. ಮಕ್ಕಳ ಜನ್ಮಜಾತ ದೋಷಗಳಲ್ಲಿ ಹೆಚ್ಚಳ ಕಾಣಲಿಲ್ಲ.

ನನಗೆ ಭಯವಾಗುವುದು ಚುಚ್ಚುಮದ್ದಿನದಲ್ಲ. ಹಲ್ಲು ತೋರಿಸದೆ ನನ್ನ ಬಳಿ ಬಂದು "ನೋವಿಗೆ ಏನಾದರೂ ಕೊಡಿ" ಎನ್ನುವ ಬಸುರಿಯರನ್ನು ಕಂಡರೆ ಭಯವಾಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳನ್ನು 20 ವಾರದ ನಂತರ ವೈದ್ಯರು ಹೇಳದೆ ನುಂಗಬಾರದು. ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ ಎಚ್ಚರಿಸಿದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಅವಧಿಗೆ ಮೊದಲೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಕೂಡ ಬೇಡ. ಟೆಟ್ರಾಸೈಕ್ಲಿನ್ನಿನಿಂದ ಮುಂದೆ ಹುಟ್ಟುವ ಹಲ್ಲಿನ ಮೇಲೆ ಮಾಸದ ಕಲೆ ಉಳಿಯುತ್ತದೆ. ಸೋಂಕಿದ್ದರೆ ಅಮಾಕ್ಸಿಸಿಲಿನ್‌ನಂಥವು ಇವೆ, ನೋವಿಗೆ ಪ್ಯಾರಾಸಿಟಮಾಲ್ ಇದೆ. ಆದರೆ ನೋವು ಹೋಗಲಿಲ್ಲವೆಂದು ಪ್ಯಾರಾಸಿಟಮಾಲನ್ನು ಗಂಟೆಗೊಮ್ಮೆ ನುಂಗಿದರೆ ಯಕೃತ್ತು ಕೆಡುತ್ತದೆ.

ಇನ್ನೊಂದು. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಒತ್ತಿ ಇಟ್ಟುಕೊಳ್ಳುವವರು ಇದ್ದಾರೆ. ವಸಡು ಸುಟ್ಟು ಬೆಳ್ಳಗಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಎಳೆಬಿಸಿಲು:
ಮಾತ್ರೆಡಬ್ಬಿ ಅವರೇ, ನಾನು ಮೊನ್ನೆ ಒಂದು ದಿನದಲ್ಲಿ ಆರು ಪ್ಯಾರಾಸಿಟಮಾಲ್ ನುಂಗಿದ್ದೆ. ಯಾರಿಗೂ ಹೇಳಿರಲಿಲ್ಲ.

ಮಾತ್ರೆಡಬ್ಬಿ:
ಮಾತ್ರೆ ಎಷ್ಟು ಮಿಲಿಗ್ರಾಂನದು, ಎಷ್ಟು ಗಂಟೆಗಳ ಅಂತರದಲ್ಲಿ ನುಂಗಿದಿರಿ ಎಂಬುದನ್ನು ಇಂದೇ ನಿಮ್ಮ ಪ್ರಸೂತಿ ವೈದ್ಯೆಗೆ ತಿಳಿಸಿ. ಬಚ್ಚಿಡಬೇಡಿ, ಅವರು ಬೈಯುವುದಿಲ್ಲ. ಇಂದಿನಿಂದ ಅವರು ಹೇಳಿದ ಲೆಕ್ಕ ಮೀರಬೇಡಿ.

ಸೂಲಗಿತ್ತಿ:
ಇಪ್ಪತ್ತು ವರ್ಷಗಳಿಂದ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ವಾಂತಿಯ ವಿಷಯ ಯಾರೂ ಎತ್ತಿಲ್ಲ. ಹೊಟ್ಟೆಯ ಆಮ್ಲ ಬಾಯಿಗೆ ಬಂದು ಹೋದ ಮೇಲೆ ಆ ವಾಸನೆ ತಡೆಯಲಾರದೆ ಎಲ್ಲರೂ ಓಡಿ ಹೋಗಿ ಗಸಗಸ ಹಲ್ಲುಜ್ಜುತ್ತಾರೆ. ಅದೇ ತಪ್ಪು. ಆಮ್ಲದಿಂದ ದಂತಕವಚದ ಮೇಲ್ಪದರ ಆಗ ಮೆತ್ತಗಾಗಿರುತ್ತದೆ, ಬ್ರಷ್ಷು ಅದನ್ನು ಕೆರೆದು ಹಾಕುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬಾಯಿ ಮುಕ್ಕಳಿಸಿ ಉಗಿಯಿರಿ. ಸೋಡಾ ಇಲ್ಲದಿದ್ದರೆ ಬರೀ ನೀರಾದರೂ ಸರಿ. ಉಜ್ಜುವುದು ಮುಕ್ಕಾಲು ಅಥವಾ ಒಂದು ಗಂಟೆಯ ನಂತರ.

ಬ್ರಷ್ಷು ಬಾಯಿಗೆ ಹೋದರೇ ವಾಕರಿಕೆ ಎನ್ನುವವರಿಗೆ ನಾನು ಮಕ್ಕಳ ಸಣ್ಣ ತಲೆಯ ಬ್ರಷ್ಷು ಕೊಳ್ಳಲು ಹೇಳುತ್ತೇನೆ. ಬೆಳಗ್ಗೆಯೇ ಉಜ್ಜಬೇಕೆಂಬ ಹಟ ಬೇಡ. ದಿನದಲ್ಲಿ ಯಾವ ಹೊತ್ತು ಹೊಟ್ಟೆ ಶಾಂತವಾಗಿರುತ್ತದೋ ಆಗ ಉಜ್ಜಿ. ಪೇಸ್ಟಿನ ಘಾಟು ಆಗದಿದ್ದರೆ ಘಾಟಿಲ್ಲದ ಫ್ಲೋರೈಡ್ ಪೇಸ್ಟ್ ಹುಡುಕಿ.

ಜೋಡಿಮಕ್ಕಳಮ್ಮ:
ಈ ಸೋಡಾ ನೀರಿನ ವಿಷಯ ಆಗಲೇ ಗೊತ್ತಿದ್ದಿದ್ದರೆ! ದಿನಕ್ಕೆ ಐದಾರು ಸಲ ವಾಂತಿ, ಐದಾರು ಸಲ ಉಜ್ಜುವುದು. ಮೇಲಿನ ಹಲ್ಲುಗಳ ಒಳಬದಿ ಇವತ್ತಿಗೂ ತಣ್ಣನೆಯ ಗಾಳಿಗೆ ಜುಮ್ಮೆನ್ನುತ್ತದೆ.

ಸೂಕ್ಷ್ಮದರ್ಶಕ:
ಎಲ್ಲರೂ ತಾಯಿಯ ಹಲ್ಲಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಮಗುವಿನ ಮೇಲಿನ ಪರಿಣಾಮ? 1996ರಲ್ಲಿ ಅಮೆರಿಕದ ಸ್ಟೀವನ್ ಆಫನ್‌ಬಾಕರ್ ಮತ್ತು ಸಂಗಡಿಗರು 124 ತಾಯಂದಿರನ್ನು ಪರೀಕ್ಷಿಸಿ, ವಸಡಿನ ಆಳದ ರೋಗ ಇದ್ದವರಲ್ಲಿ ಅವಧಿಗೆ ಮೊದಲು ಕಡಿಮೆ ತೂಕದ ಮಗು ಹುಟ್ಟುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಹೇಳಿದರು. ಆ ಮೇಲೆ ಬಂದ ಅನೇಕ ಅಧ್ಯಯನಗಳೂ ಒಂದು ನಂಟನ್ನು ತೋರಿಸಿವೆ. ಬಾಯಲ್ಲಿ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಬ್ಯಾಕ್ಟೀರಿಯಾ ಗರ್ಭದ ನೀರಿನಲ್ಲಿ, ಮಾಸಿನಲ್ಲಿ ಸಿಕ್ಕಿದೆ. ವಸಡಿನ ಗಾಯದಿಂದ ರಕ್ತಕ್ಕಿಳಿದು ಅಲ್ಲಿಗೆ ತಲುಪಿರಬಹುದು. 2010ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಮಗು ಉಳಿಯಲಿಲ್ಲ, ಮತ್ತು ತಾಯಿಯ ಬಾಯಲ್ಲಿದ್ದ ತಳಿಯೇ ಮಗುವಿನಲ್ಲೂ ಕಂಡುಬಂತು.

ಹಿರಿಯಕ್ಕ:
ಬಸುರಿಯ ಮುಂದೆ ಇದನ್ನೆಲ್ಲ ಹೇಳುವುದೇ? ಸ್ವಲ್ಪವಾದರೂ ವಿವೇಚನೆ ಬೇಡವೇ? ಆ ಹುಡುಗಿ ಮೊದಲೇ ನಿದ್ದೆಗೆಟ್ಟು ಕೂತಿದ್ದಾಳೆ.

ಪುರಾವೆಎಲ್ಲಿ:
ಹಿರಿಯಕ್ಕನವರ ಪರವಾಗಿ ಮೊದಲ ಸಲ ನಿಲ್ಲುತ್ತಿದ್ದೇನೆ. ಅರ್ಧ ಕಥೆ ಹೇಳುವುದು ಹೆದರಿಸಿದಂತೆಯೇ. ಉಳಿದರ್ಧ ಇಲ್ಲಿದೆ: ನಂಟು ಇದ್ದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ಬಡತನ, ಧೂಮಪಾನ, ಸಕ್ಕರೆ ಕಾಯಿಲೆ ಇವು ವಸಡನ್ನೂ ಕೆಡಿಸುತ್ತವೆ, ಬಸಿರನ್ನೂ ಕಾಡುತ್ತವೆ. ಪರೀಕ್ಷಿಸಲು ಒಂದೇ ದಾರಿ, ವಸಡಿಗೆ ಚಿಕಿತ್ಸೆ ಕೊಟ್ಟು ನೋಡುವುದು. 2006ರಲ್ಲಿ ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 21 ವಾರದೊಳಗೆ, ಇನ್ನೊಂದಕ್ಕೆ ಹೆರಿಗೆಯ ನಂತರ ವಸಡಿನ ಚಿಕಿತ್ಸೆ ಕೊಟ್ಟ ಪ್ರಯೋಗದ ಫಲಿತಾಂಶ ಬಂತು. ಅವಧಿಪೂರ್ವ ಹೆರಿಗೆ ಮೊದಲ ಗುಂಪಿನಲ್ಲಿ ಶೇಕಡಾ 12.0, ಎರಡನೆಯದರಲ್ಲಿ 12.8. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. ಹಲ್ಲು ಸ್ವಚ್ಛ ಮಾಡಿಸಿದರೆ ಮಗು ತುಂಬು ತಿಂಗಳಿಗೆ ಹುಟ್ಟುತ್ತದೆ ಎಂದು ಯಾರಾದರೂ ಜಾಹೀರಾತು ಹಾಕಿದರೆ ನಂಬಬೇಡಿ.

ಸೂಕ್ಷ್ಮದರ್ಶಕ:
ಬಸಿರಾದ ಮೇಲೆ ಶುರುವಾದ ಚಿಕಿತ್ಸೆ ತಡವಾಯಿತೇನೋ. ಬಸಿರಿಗೆ ಮೊದಲೇ ವಸಡು ಗುಣವಾಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ವಾದಿಸುವವರೂ ಇದ್ದಾರೆ. ಹೆದರಿಸುವ ಉದ್ದೇಶ ನನಗಿರಲಿಲ್ಲ, ಅಪರೂಪದ ಪ್ರಕರಣವನ್ನು ಎತ್ತಿದ್ದಕ್ಕೆ ಕ್ಷಮೆ ಇರಲಿ.

ಹಲ್ಲುವೈದ್ಯೆ:
ಅದೇ 823 ಜನರ ಪ್ರಯೋಗ ಇನ್ನೊಂದು ಸಂಗತಿಯನ್ನೂ ತೋರಿಸಿತು, ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ: ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಕೇಡಾಗಲಿಲ್ಲ. ವಸಡು ಗುಣವಾಯಿತು. ನನಗೆ ಇಷ್ಟು ಸಾಕು.

ಸ್ವಲ್ಪ ಕೋಪದಲ್ಲೇ ಬರೆಯುತ್ತಿದ್ದೇನೆ. ಬಸುರಿಯ ಹಲ್ಲುನೋವಿಗೆ ಚಿಕಿತ್ಸೆ ಕೊಡಬೇಕೆಂದರೆ "ಮಗುವಿಗೆ ಒಳ್ಳೆಯದು" ಎಂದು ಸಾಬೀತು ಮಾಡಿಯೇ ತೀರಬೇಕೇ? ನೋಯುತ್ತಿರುವುದು ಆ ಹೆಂಗಸಿನ ಹಲ್ಲು. ಊಟ ಸೇರದೆ, ನಿದ್ದೆಯಿಲ್ಲದೆ ನರಳುತ್ತಿರುವವಳು ಅವಳು. ಅವಳ ನೋವೇ ಸಾಕಾದ ಕಾರಣ.

ಎಳೆಬಿಸಿಲು:
ಸೂಕ್ಷ್ಮದರ್ಶಕ ಅವರೇ, ಕ್ಷಮೆ ಬೇಡ. ಹೆದರಿಕೆಯಾದದ್ದು ನಿಜ. ಆದರೆ ನನ್ನಿಂದ ಮುಚ್ಚಿಟ್ಟು ಮಾತನಾಡುವವರನ್ನು ಕಂಡರೆ ಇನ್ನೂ ಹೆದರಿಕೆ. ಎರಡೂ ಕಡೆಯ ಮಾತು ಕೇಳಿದ್ದರಿಂದ ಈಗ ಮನಸ್ಸು ತಹಬಂದಿಗೆ ಬಂದಿದೆ. ನಾಳೆ ಬೇರೊಂದು ಕಡೆ ಸಮಯ ತೆಗೆದುಕೊಂಡಿದ್ದೇನೆ.

ಹಲ್ಲುವೈದ್ಯೆ:
ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಬೇಡಿ. ಹೊಟ್ಟೆಯ ಭಾರ ಬೆನ್ನುಮೂಳೆಯ ಬಲಬದಿಯ ದೊಡ್ಡ ರಕ್ತನಾಳದ ಮೇಲೆ ಬಿದ್ದರೆ ತಲೆ ಸುತ್ತಿ, ಬೆವರಿ, ರಕ್ತದೊತ್ತಡ ಇಳಿಯುತ್ತದೆ. ಬಲ ಸೊಂಟದ ಕೆಳಗೆ ಸಣ್ಣ ದಿಂಬು ಇಡಲು ಹೇಳಿ, ಮೈ ಎಡಕ್ಕೆ ವಾಲಿರಲಿ. ಇದರ ನಡುವೆ ಕೆನ್ನೆ ಊದಿ ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ನಾಳೆಗೂ ಕಾಯಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.

ಒಂದೇಸಾಲು:
ಹೋಗಿ ಬಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇವೆ.

ಅಪ್ಪನಾಗುವವನು:
ವಿಷಯಕ್ಕೆ ಸ್ವಲ್ಪ ಹೊರಗಿನ ಪ್ರಶ್ನೆ. ತಾಯಿಯ ಹುಳುಕು ಮಗುವಿಗೆ ಅಂಟುತ್ತದೆ ಎನ್ನುತ್ತಾರಲ್ಲ, ನಿಜವೇ?

ಸೂಲಗಿತ್ತಿ:
ಹುಳುಕು ಅಂಟುವುದಿಲ್ಲ, ಅದನ್ನು ತರುವ ಬ್ಯಾಕ್ಟೀರಿಯಾ ಅಂಟುತ್ತದೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ಎಂಜಲಿನ ಮೂಲಕ ಮಗುವಿನ ಬಾಯಿಗೆ ದಾಟುತ್ತದೆ, ಹೆಚ್ಚಾಗಿ ತಾಯಿಯಿಂದಲೇ. ತಾನು ರುಚಿ ನೋಡಿದ ಚಮಚದಲ್ಲೇ ಮಗುವಿಗೆ ಉಣಿಸುವುದು, ಕೆಳಗೆ ಬಿದ್ದ ನಿಪ್ಪಲನ್ನು ತನ್ನ ಬಾಯಿಗೆ ಹಾಕಿ ಚೀಪಿ ಮಗುವಿಗೆ ಕೊಡುವುದು, ಇವನ್ನು ಬಿಡಬೇಕು.

ಪುರಾವೆಎಲ್ಲಿ:
ನಿಪ್ಪಲಿನ ಮಾತು ಅಷ್ಟು ಸರಳವಲ್ಲ. 2013ರಲ್ಲಿ ಸ್ವೀಡನ್ನಿನಲ್ಲಿ 184 ಶಿಶುಗಳನ್ನು ಗಮನಿಸಿದ ಒಂದು ಅಧ್ಯಯನದಲ್ಲಿ, ನಿಪ್ಪಲನ್ನು ಹೆತ್ತವರು ಬಾಯಲ್ಲಿ ಚೀಪಿ ಕೊಟ್ಟ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಇಸುಬು, ಉಬ್ಬಸ ಕಡಿಮೆ ಇತ್ತು.

ಸೂಲಗಿತ್ತಿ:
ಆ ಅಧ್ಯಯನ ನನಗೂ ಗೊತ್ತು. ಆದರೆ ಬಾಯಿ ತುಂಬ ಹುಳುಕಿರುವ ತಾಯಿಗೆ ಅದನ್ನು ಹಿಡಿದುಕೊಂಡು "ಚೀಪಿ ಕೊಡಿ" ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಮೊದಲು ತಾಯಿಯ ಬಾಯಿ ಸರಿಯಾಗಲಿ, ಆಗ ಈ ಜಗಳವೇ ಉಳಿಯುವುದಿಲ್ಲ. ಎಂಜಲಾಗುತ್ತದೆ ಎಂದು ಮಗುವಿಗೆ ಮುತ್ತು ಕೊಡುವುದನ್ನೇ ಬಿಟ್ಟ ತಾಯಂದಿರನ್ನೂ ಕಂಡಿದ್ದೇನೆ. ಅಷ್ಟು ದೂರ ಹೋಗಬೇಡಿ.

ಸೂಕ್ಷ್ಮದರ್ಶಕ:
ಫಿನ್ಲೆಂಡಿನಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆದಿತ್ತು. ಹೆರಿಗೆಯ ಮೂರು ತಿಂಗಳ ನಂತರದಿಂದ ತಾಯಂದಿರು ಸಕ್ಕರೆಯ ಬದಲಿಗೆ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರುವ ಚೂಯಿಂಗ್ ಗಮ್ ಜಗಿದರು. ಎರಡು ವರ್ಷಕ್ಕೆ ಆ ಮಕ್ಕಳಲ್ಲಿ ಶೇಕಡಾ 9.7 ಮಂದಿಯ ಬಾಯಲ್ಲಿ ಮಾತ್ರ ಮ್ಯೂಟನ್ಸ್ ಗುಂಪಿನ ಬ್ಯಾಕ್ಟೀರಿಯಾ ಕಂಡುಬಂತು. ತಾಯಂದಿರ ಹಲ್ಲಿಗೆ ಫ್ಲೋರೈಡ್ ಲೇಪ ಹಚ್ಚಿದ ಇನ್ನೊಂದು ಗುಂಪಿನ ಮಕ್ಕಳಲ್ಲಿ ಅದು ಶೇಕಡಾ 48.5.

ಒಂದೇಸಾಲು:
ಮನೆಯಲ್ಲಿ ನಾಯಿ ಇದ್ದವರು ಆ ಗಮ್ ಅದರ ಬಾಯಿಗೆ ಸಿಗದಂತೆ ಇಡಿ, ಕ್ಸೈಲಿಟಾಲ್ ನಾಯಿಗೆ ವಿಷ.

ನಿರ್ವಾಹಕರು:
ನಾಯಿಯ ಆರೋಗ್ಯಕ್ಕೆ ಬೇರೆ ವಿಭಾಗ ಇದೆ, ಆ ಚರ್ಚೆಯನ್ನು ಅಲ್ಲಿ ಮುಂದುವರಿಸಿ. ಎಚ್ಚರಿಕೆ ಉಪಯುಕ್ತವಾದ್ದರಿಂದ ಅಳಿಸುತ್ತಿಲ್ಲ.

ಜೋಡಿಮಕ್ಕಳಮ್ಮ:
ಹಳೆಯ ಬೆಳ್ಳಿ ಬಣ್ಣದ ತುಂಬಿಕೆ ಇದ್ದರೆ ಬಸಿರಿನಲ್ಲಿ ತೆಗೆಸಬೇಕೇ? ಅದರಲ್ಲಿ ಪಾದರಸ ಇರುತ್ತದೆ ಎಂದು ನನ್ನ ತಂಗಿ ಹೆದರಿದ್ದಾಳೆ.

ಹಲ್ಲುವೈದ್ಯೆ:
ಗಟ್ಟಿಯಾಗಿ ಕೂತಿದ್ದರೆ ಮುಟ್ಟಬೇಡಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚಾಗಿ ಏಳುವುದು. ಹೊಸದಾಗಿ ತುಂಬಿಸುವುದಾದರೆ ಬಸಿರಿನಲ್ಲಿ ಅದು ಬೇಡ. ಯುರೋಪಿಯನ್ ಒಕ್ಕೂಟ 2018ರ ಜುಲೈಯಿಂದಲೇ ಗರ್ಭಿಣಿಯರಿಗೂ ಹಾಲೂಡಿಸುವವರಿಗೂ, ತೀರಾ ಅನಿವಾರ್ಯವಲ್ಲದಿದ್ದರೆ, ಅದನ್ನು ಬಳಸಬಾರದೆಂದು ನಿಯಮ ಮಾಡಿತ್ತು. ಹಲ್ಲಿನ ಬಣ್ಣದ ಬೇರೆ ತುಂಬಿಕೆಗಳಿವೆ.

ಎಳೆಬಿಸಿಲು:
ಹೋಗಿ ಬಂದೆ. ಬರೆಯುವುದು ನಾಲ್ಕು ದಿನ ತಡವಾಯಿತು, ಕಾದವರು ಮನ್ನಿಸಿ.

ಈ ವೈದ್ಯರು ಮೊದಲು ಎಷ್ಟು ವಾರ ಎಂದು ಕೇಳಿದರು, ಆಮೇಲೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದರು. ನನ್ನ ಪ್ರಸೂತಿ ವೈದ್ಯೆಗೆ ನನ್ನೆದುರೇ ಫೋನ್ ಮಾಡಿ ಮಾತನಾಡಿದರು. ಮಾತ್ರೆಯ ವಿಷಯವನ್ನೂ ಆಗಲೇ ಹೇಳಿದೆ, ಅವರು ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಿದೆ. ದಿಂಬಿನ ಮಾತು ತೆಗೆಯುವ ಮೊದಲೇ ಸಹಾಯಕಿ ಟವೆಲೊಂದನ್ನು ಮಡಚಿ ಮಡಚಿ ನನ್ನ ಬಲ ಸೊಂಟದ ಕೆಳಗೆ ಸೇರಿಸಿದರು. ಒಂದು ಎಕ್ಸ್-ರೇ, ಒಂದು ಚುಚ್ಚುಮದ್ದು. ಹಲ್ಲು ತೆರೆದು ಒಳಗಿನದನ್ನು ತೆಗೆದು ಔಷಧ ಇಟ್ಟು ಮುಚ್ಚಿದ್ದಾರೆ, ಉಳಿದದ್ದು ಮುಂದಿನ ವಾರ. ವಸಡನ್ನೂ ಆಗಲೇ ಸ್ವಚ್ಛ ಮಾಡುತ್ತಾರಂತೆ.

ಆ ರಾತ್ರಿಯೂ ಅಭ್ಯಾಸದಂತೆ ಹಾಸಿಗೆಯ ಪಕ್ಕ ತಣ್ಣೀರಿನ ಲೋಟ ಇಟ್ಟುಕೊಂಡು ಮಲಗಿದ್ದೆ. ಬೆಳಗ್ಗೆ ಎದ್ದಾಗ ಲೋಟ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಅತ್ತೆಯವರು ಅದನ್ನು ನೋಡಿ ಏನೂ ಹೇಳಲಿಲ್ಲ, ಲೋಟ ಎತ್ತಿಕೊಂಡು ಹೋದರು.

ಹಿರಿಯಕ್ಕ:
ಒಳ್ಳೆಯದಾಯಿತು ತಂಗಿ. ನನ್ನ ಸೊಸೆಗೆ ಈಗ ಎರಡು ತಿಂಗಳು. ಅವಳಿಗೆ ನಾನು ಏನು ಹೇಳುತ್ತಿದ್ದೆನೋ ಅದನ್ನು ನೆನೆದರೆ ಸಂಕಟವಾಗುತ್ತದೆ. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಅಡುಗೆ ಸೋಡಾ ಎಷ್ಟು ಚಮಚ ಎಂದು ಬರೆದಿದ್ದರು?

ಸೂಲಗಿತ್ತಿ:
ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ, ಅಕ್ಕ. ನುಂಗಬಾರದು, ಮುಕ್ಕಳಿಸಿ ಉಗಿಯಬೇಕು.

ನಾನೂ ಒಂದು ಕೆಲಸ ಮಾಡಿದೆ. ಮೊದಲ ಭೇಟಿಗೆ ಬರುವವರ ಅರ್ಜಿಯಲ್ಲಿ ಬಾಯಿಯ ಬಗ್ಗೆ ಒಂದು ಸಾಲೂ ಇಲ್ಲ. ಅಚ್ಚು ಬದಲಾಯಿಸಲು ಮೇಲಿನವರ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರವರೆಗೆ ಪ್ರತಿ ಹಾಳೆಯ ಅಂಚಿನಲ್ಲಿ ಪೆನ್ನಿನಲ್ಲೇ ಬರೆಯುತ್ತಿದ್ದೇನೆ: "ವಸಡಿನಲ್ಲಿ ರಕ್ತ? ಹಲ್ಲುನೋವು?" ಇವತ್ತು ಕೇಳಿದ ಮೊದಲ ಹುಡುಗಿಯೇ, "ಇದನ್ನೂ ನಿಮಗೆ ಹೇಳಬಹುದೇ?" ಎಂದು ಕೇಳಿ, ಕಿಟಕಿಯ ಬೆಳಕಿಗೆ ತಿರುಗಿ ಬಾಯಿ ತೆರೆದಳು.